ನೇರಳೆ ತೂತು

ಕಂಪ್ಯೂಟರಿನ ಬೆನ್ನಲ್ಲಿ ಒಂದು ನೇರಳೆ ತೂತು, ಒಂದು ಹಸಿರು ತೂತು ಇರುತ್ತಿದ್ದವು. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಐಬಿಎಂನವರು 1987ರಲ್ಲಿ ತಂದ ಪಿಎಸ್/2 ಕಂಪ್ಯೂಟರಿನಿಂದ ಹೆಸರು ಪಡೆದ ಪೋರ್ಟು ಅದು. ಬಣ್ಣ ಬಂದದ್ದು ಆಮೇಲೆ. ಆರು ಸಣ್ಣ ಪಿನ್ನು, ನಡುವೆ ಪ್ಲಾಸ್ಟಿಕ್ ಗೂಟ. ಮೇಜಿನಡಿ ಬಗ್ಗಿ, ಕಣ್ಣಿಗೆ ಕಾಣದೆ ತಿರುಗಿಸಿ ತಿರುಗಿಸಿ ಸಿಕ್ಕಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಕೂತ ಮೇಲೆ ಮಾತ್ರ ಮನೆಯ ಹಿರಿಯಜ್ಜಿಯ ಹಾಗೆ: ಮಷೀನು ಕಣ್ಣು ಬಿಡುವ ಮೊದಲೇ ಅದರ ಮಾತು ನಡೆಯುತ್ತಿತ್ತು. 1996ರಲ್ಲಿ ಬಂದ ಯುಎಸ್‌ಬಿಗೆ ಆ ಸಲಿಗೆಯಿಲ್ಲ. ನೀನ್ಯಾರು, ಯಾವ ಕಂಪನಿ, ಎಷ್ಟು ಕರೆಂಟು ಬೇಕು ಎಂಬುದಕ್ಕೆಲ್ಲ ಜವಾಬು ಕೊಟ್ಟ ಮೇಲೇ ಒಳಗೆ ಪ್ರವೇಶ.

ನನ್ನದು ನೇರಳೆ ತೂತಿನ ಕೀಬೋರ್ಡು, ಟಿವಿಎಸ್ ಗೋಲ್ಡ್. ಟಕಟಕ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ಪುಣೆಯಲ್ಲಿ ಕೂತು ನುಡಿ ತಂತ್ರಾಂಶದಲ್ಲಿ ಕನ್ನಡ ಕುಟ್ಟುವವನು ನಾನು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕಲ್ಲ, ಆ ಕೀಲಿ ಸವೆದು ಮಿರಮಿರ ಮಿಂಚುತ್ತದೆ. ಞ ಕೂತಿರುವ ಝಡ್ ಮಾತ್ರ ಇನ್ನೂ ಮದುಮಗಳು.

ಹಳೆ ಮದರ್‌ಬೋರ್ಡು ಸತ್ತು ಹೊಸದು ಬಂದಾಗ ನೇರಳೆ ತೂತು ಮಾಯ. ಖಡಕಿ ಬಜಾರದ ರಿಪೇರಿ ಹುಡುಗ “ಕಾಕಾ, ಆತಾ ತೇ ಯೇತ್ ನಾಹೀ” (ಈಗ ಅದು ಬರೋದಿಲ್ಲ) ಎಂದು ಒಂದು ಯುಎಸ್‌ಬಿ ಕನ್ವರ್ಟರ್ ಕೊಟ್ಟ. ವಿಂಡೋಸ್ ಒಳಗೆ ಎಲ್ಲ ಸರಿ. ಶುರುವಿನಲ್ಲಿ ವಿಂಡೋಸೋ ಲಿನಕ್ಸೋ ಎಂದು ಕೇಳುವ ಕರಿಪರದೆಯ ಮುಂದೆ ಮಾತ್ರ ಕೀಬೋರ್ಡು ಮೂಕ. ಬೇಗ ಏಳುವ ಆತುರದಲ್ಲಿ ಯುಎಸ್‌ಬಿಯನ್ನು ವಿಚಾರಿಸದೇ ಮುಂದೆ ಓಡುವುದಕ್ಕೆ ಫಾಸ್ಟ್ ಬೂಟ್ ಎನ್ನುತ್ತಾರೆ. ಅದನ್ನು ನಿಲ್ಲಿಸಲು ಬಯಾಸ್ ಸೆಟ್ಟಿಂಗಿನ ಒಳಗೆ ಹೋಗಬೇಕು. ಹೋಗಲು ಡಿಲೀಟ್ ಒತ್ತಬೇಕು. ಒತ್ತಿದ್ದು ಕೇಳಿಸಬೇಕಾದರೆ ಅದನ್ನು ಮೊದಲೇ ನಿಲ್ಲಿಸಿರಬೇಕು! ಹಿಂದೆ “ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ” ಎಂಬ ಸಂದೇಶ ಕಂಡು ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಪಾಪ, ಅದು ಕೊನೇಪಕ್ಷ ಮಾತಾಡಿಸುತ್ತಿತ್ತು.

1817ರ ನವೆಂಬರ್ 5ರಂದು ಪೇಶ್ವೆಯ ಅಷ್ಟು ದೊಡ್ಡ ಸೈನ್ಯ ಇಂಗ್ಲಿಷರ ಸಣ್ಣ ಪಡೆಗೆ ಸೋತದ್ದು ಇದೇ ಖಡಕಿಯಲ್ಲಿ. ನಾನೊಂದು ಕನ್ವರ್ಟರಿಗೆ ಸೋತರೆ ಅವಮಾನವೇನು ಎಂದುಕೊಂಡು ಕ್ಯಾಬಿನೆಟ್ಟನ್ನು ಹೊತ್ತು ಮತ್ತೆ ಬಜಾರಕ್ಕೆ ಹೋದೆ.

ಹುಡುಗ ಮದರ್‌ಬೋರ್ಡಿನ ಮೇಲಿನ ಸಿಆರ್2032 ಸೆಲ್ಲನ್ನು ಉಗುರಿನಿಂದ ಎಬ್ಬಿಸಿ ತೆಗೆದ. ಚಹಾ ಕುಡಿದು ಬಂದು ಮತ್ತೆ ಕೂರಿಸಿದ. ಸೆಟ್ಟಿಂಗೆಲ್ಲ ಮರೆತ ಮಷೀನು ಈಗ ನನ್ನ ಕೀಲಿಗೆ ಓಗೊಟ್ಟಿತು. ಜೊತೆಗೆ ತಾರೀಖನ್ನೂ ಮರೆತಿತ್ತು: 2019ರ ಜನವರಿ 1. ಆಗ ನಾನಿನ್ನೂ ಸರ್ವಿಸಿನಲ್ಲಿದ್ದೆ, ಮಂಡಿನೋವು ಇರಲಿಲ್ಲ, ಲಾಕ್‌ಡೌನ್ ಎಂದರೇನೆಂದು ಗೊತ್ತಿರಲಿಲ್ಲ. “ರಾಹೂ ದೇ ರೇ” (ಇರಲಿ ಬಿಡೋ) ಎನ್ನುವಷ್ಟರಲ್ಲಿ ಹುಡುಗ ತಾರೀಖು ತಿದ್ದಿಬಿಟ್ಟ.

“ದೋನ್‌ಶೇ ಝಾಲೇ, ಕಾಕಾ.” ಇನ್ನೂರು ರೂಪಾಯಿ ಆಯಿತಂತೆ.