ಒಂಬತ್ತು ಮಂದಿ ಕಡಲ ದಡದಲ್ಲಿ

ಧರ್ಮಕೇಂದ್ರದ ವಾರ್ಷಿಕ ವರದಿ ಬರೆಯುವಾಗ ನಾವು ಗುರುಗಳು ಒಂದು ಸಣ್ಣ ಪ್ರಲೋಭನೆಗೆ ಒಳಗಾಗುತ್ತೇವೆ. ಕಾರ್ಯಕ್ರಮ ಹೇಗೆ ನಡೆಯಿತು ಎಂಬುದಕ್ಕಿಂತ ಮೊದಲು, ಎಷ್ಟು ಮಂದಿ ಸೇರಿದ್ದರು ಎಂಬುದನ್ನು ಬರೆಯುತ್ತೇವೆ. ನಾನೂ ಇದಕ್ಕೆ ಹೊರತಲ್ಲ. 2022ರ ಡಿಸೆಂಬರಿನ ಒಂದು ಭಾನುವಾರ ನಾವು ಎರಡು ಬಸ್ಸುಗಳಲ್ಲಿ 104 ಮಂದಿ ಮಲ್ಪೆಗೆ ತೆರಳಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದೆವು. ಆ ವರ್ಷದ ವರದಿಯಲ್ಲಿ 104 ಎಂಬ ಅಂಕಿಯನ್ನು ನಾನು ಸಂತೋಷದಿಂದಲೇ ಬರೆದೆ.

ಆ ದ್ವೀಪದ ಕಲ್ಲಿನ ಕಂಬಗಳು ಸಾಮಾನ್ಯವಾದವುಗಳಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಹರಿದ ಲಾವಾರಸವು ತಣಿದು ಕುಗ್ಗಿ ಸೀಳಿ ಉಂಟಾದ ಕಂಬಗಳವು. ಆದರೆ ಅಂದು ನಾನು ಅವುಗಳನ್ನು ನೋಡಿದೆನೆಂದು ಹೇಳಲಾರೆ. ತಲೆ ಎಣಿಸುವುದು, ಊಟದ ಪೊಟ್ಟಣ ಹಂಚುವುದು, ಮರಳುವ ದೋಣಿಗೆ ಎಲ್ಲರನ್ನೂ ಕೂಗಿ ಕರೆಯುವುದು, ಇಷ್ಟರಲ್ಲಿಯೇ ಹೊತ್ತು ಕಳೆಯಿತು. ಬಸ್ಸಿನಲ್ಲಿ ನಾವೇ ಕಟ್ಟಿಸಿದ್ದ ಧ್ವನಿವರ್ಧಕ ದಾರಿಯುದ್ದಕ್ಕೂ ಹಾಡುತ್ತಿತ್ತು.

ಆ ದಿನ ನಮ್ಮೊಡನೆ ಬಂದಿದ್ದ ಒಂದು ಕುಟುಂಬವು ಆನಂತರ ಇಗರ್ಜಿಗೆ ಬರುವುದನ್ನು ಕಡಿಮೆ ಮಾಡಿತು. ಮೊದಮೊದಲು ನಾನು ಗಮನಿಸಲಿಲ್ಲ. ವಾಳೆಯ ಗುರಿಕಾರರು ಹೇಳಿದ ಮೇಲೆ ಅವರ ಮನೆಗೆ ಹೋದೆ. ಅವರ ಹನ್ನೆರಡು ವರ್ಷದ ಮಗನಿಗೆ ಆಟಿಸಂ ಇದೆ. ಮಾತು ಕಡಿಮೆ, ಗದ್ದಲವೆಂದರೆ ಅವನಿಗೆ ಮೈಮೇಲೆ ಬೆಂಕಿ ಬಿದ್ದಂತೆ. ಅಂದು ದೋಣಿ ಹತ್ತುವ ನೂಕುನುಗ್ಗಲಿನಲ್ಲಿ ಅವನು ಕಿರುಚಿ ನೆಲಕ್ಕೆ ಬಿದ್ದನಂತೆ. ಸುತ್ತಲಿನವರು ಹೆತ್ತವರನ್ನೇ ದುರುಗುಟ್ಟಿ ನೋಡಿದರಂತೆ. ಅವರು ದ್ವೀಪಕ್ಕೆ ಹೋಗದೆ, ಸಂಜೆಯವರೆಗೂ ಮುಚ್ಚಿದ ಬಸ್ಸಿನೊಳಗೆ ಕುಳಿತಿದ್ದರಂತೆ. ನನ್ನ 104ರಲ್ಲಿ ಅವರೂ ಸೇರಿದ್ದರು.

“ಅವನಿಗೆ ಕಡಲು ಅಂದರೆ ಪ್ರಾಣ ಫಾದರ್,” ಎಂದರು ತಂದೆ. “ಜನ ಅಂದರೆ ಭಯ. ಎರಡನ್ನೂ ಬೇರೆ ಮಾಡಿ ತೋರಿಸುವುದು ಹೇಗೆಂದು ನಮಗೆ ಗೊತ್ತಾಗುವುದಿಲ್ಲ.”

ಆ ಮಾತು ನನ್ನನ್ನು ಬಿಡಲಿಲ್ಲ. ಕೊನೆಗೆ 2024ರ ಜನವರಿಯ ಒಂದು ಮಂಗಳವಾರ ಒಂದು ಸಣ್ಣ ಪ್ರವಾಸವನ್ನು ಏರ್ಪಡಿಸಿದೆ. ಆ ಕುಟುಂಬದ ನಾಲ್ವರು, ಶ್ರವಣಯಂತ್ರ ಧರಿಸುವ, ಗುಂಪಿನಲ್ಲಿ ಎಲ್ಲ ಮಾತೂ ಬರೀ ಸದ್ದಾಗಿ ಕೇಳುತ್ತದೆನ್ನುವ ಹಿರಿಯ ಟೀಚರ್, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬರು ಮತ್ತು ಅವರ ಪತ್ನಿ, ನಾನು. ಚಾಲಕನನ್ನು ಸೇರಿಸಿ ಒಂಬತ್ತು. ಚಾಲಕನನ್ನು ಲೆಕ್ಕಕ್ಕೆ ಸೇರಿಸಿಕೊಂಡದ್ದು ನನ್ನ ಪ್ರವಾಸಗಳ ಇತಿಹಾಸದಲ್ಲಿ ಅದೇ ಮೊದಲು.

ಜನಸಂದಣಿಯನ್ನು ತಪ್ಪಿಸಲು ಯಾರೂ ಕಾಣದ ಕಡಲತೀರವನ್ನು ಹುಡುಕಬೇಕೆಂದು ನಾನು ಭಾವಿಸಿದ್ದೆ. ಹಾಗೇನೂ ಇಲ್ಲ. ಎಲ್ಲರೂ ಬಲ್ಲ ಮರವಂತೆಗೇ ಮೊದಲು ಹೋದೆವು; ಬದಲಾಯಿಸಿದ್ದು ಹೊತ್ತನ್ನು ಮಾತ್ರ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ. ಜನರು ಬರುವುದು ಸಂಜೆ, ಸೂರ್ಯ ಮುಳುಗುವುದನ್ನು ನೋಡಲು. ನಾವು ಬೆಳಗಿನ ಆರೂವರೆಗೆ ತಲುಪಿ, ಕಡಲಿಗೆ ಬೆನ್ನು ಹಾಕಿ, ನದಿಯ ಕಡೆಗೆ ಮುಖ ಮಾಡಿ ನಿಂತೆವು. ಘಟ್ಟಗಳ ಹಿಂದಿನಿಂದ ಬೆಳಕು ಏರಿ ನದಿಯ ಮೇಲೆ ಹರಡಿತು. ಬೆನ್ನ ಹಿಂದೆ ಅಲೆಗಳ ಸದ್ದು, ಕಣ್ಣ ಮುಂದೆ ಅಲುಗಾಡದ ನೀರು.

ಕೊಡಚಾದ್ರಿಯ ಮಡಿಲಲ್ಲಿ ಹುಟ್ಟಿ ಕೊಲ್ಲೂರನ್ನು ಹಾದು ಬರುವ ಈ ನದಿ ಇಲ್ಲಿ ಕಡಲಿನಿಂದ ಕಲ್ಲೆಸೆತದ ದೂರದಲ್ಲಿದೆ. ಆದರೂ ಇಲ್ಲಿ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಸುಮಾರು ಹತ್ತು ಕಿಲೋಮೀಟರ್ ಹರಿದು, ಗಂಗೊಳ್ಳಿಯ ಬಳಿ ಚಕ್ರಾ, ವಾರಾಹಿ, ಕುಬ್ಜಾ, ಕೇದಕ ನದಿಗಳೊಡನೆ ಕೂಡಿಕೊಂಡು ಬಳಿಕವೇ ಸಮುದ್ರವನ್ನು ಸೇರುತ್ತದೆ. ಟೀಚರ್ ಇದನ್ನು ಹುಡುಗನ ತಂಗಿಗೆ ಪಾಠದಂತೆ ವಿವರಿಸುತ್ತಿದ್ದರು. ಹುಡುಗ ಕೇಳಿದನೋ ಇಲ್ಲವೋ ತಿಳಿಯದು. ಅವನು ತಂದೆಯ ಕೈ ಬಿಡಿಸಿಕೊಂಡು, ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಬಳಿ ಕುಳಿತು ಅಲೆ ಬಂದಾಗಲೆಲ್ಲ ಬೆರಳು ಮಡಚುತ್ತಿದ್ದ. ಎಣಿಸುತ್ತಿದ್ದನೆಂದು ತಾಯಿ ಹೇಳಿದರು. ಎಷ್ಟಾಯಿತೆಂದು ಯಾರೂ ಕೇಳಲಿಲ್ಲ.

ಬೈಂದೂರಿನ ಸೋಮೇಶ್ವರ ಕಡಲತೀರದಲ್ಲಿ ಮಧ್ಯಾಹ್ನದವರೆಗೂ ಇದ್ದೆವು. ನಮ್ಮಂತೆ ಬಂದವರು ಬೆರಳೆಣಿಕೆಯಷ್ಟು. ಟೀಚರ್ ಶ್ರವಣಯಂತ್ರವನ್ನು ಸರಿಪಡಿಸಿಕೊಂಡು, “ಬಹಳ ಕಾಲದ ಮೇಲೆ ಒಬ್ಬರ ಮಾತು ಒಬ್ಬರದಾಗಿ ಕೇಳುತ್ತಿದೆ ಫಾದರ್,” ಎಂದರು. ಪಾರ್ಶ್ವವಾಯುವಿನವರು ಪತ್ನಿಯ ಭುಜ ಹಿಡಿದು, ಅಲೆ ಪಾದಕ್ಕೆ ತಾಗುವವರೆಗೆ ನಡೆದರು. ಇಪ್ಪತ್ತು ಹೆಜ್ಜೆಗಳಿಗೆ ಕಾಲು ಗಂಟೆ ಹಿಡಿಯಿತು. ಎರಡು ಬಸ್ಸುಗಳ ಪ್ರವಾಸದಲ್ಲಿ ಆ ಕಾಲು ಗಂಟೆಯನ್ನು ನಾನು ಕೊಡುತ್ತಿದ್ದೆನೆ?

ನಿರ್ಜನ ತೀರಕ್ಕೆ ಅದರದೇ ಆದ ಕಟ್ಟುಪಾಡುಗಳಿವೆ. ನೀರಿಗಿಳಿದವನು ಸಿಲುಕಿದರೆ ಕೂಗಿಗೆ ಓಡಿಬರುವವರು ಇರುವುದಿಲ್ಲ. ಆದುದರಿಂದ ಮೊಣಕಾಲಿನಷ್ಟು ನೀರನ್ನು ಯಾರೂ ದಾಟಬಾರದೆಂದು ಮೊದಲೇ ನಿಶ್ಚಯಿಸಿದ್ದೆವು. ಮಳೆಗಾಲದಲ್ಲಿ ಅದೂ ಸಲ್ಲದು. ಕುಡಿಯುವ ನೀರು, ನೆರಳಿಗೊಂದು ಕೊಡೆ, ಔಷಧಿ ಎಲ್ಲವನ್ನೂ ಒಯ್ಯಬೇಕು. ಕಸವನ್ನು ಮರಳಿ ತರಬೇಕು. ಊಟಕ್ಕೆ ಸಾನ್ನಾಂ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮನೆಯಿಂದಲೇ ಬಂದಿದ್ದವು. ಆದರೂ ದಾರಿಬದಿಯ ಒಂದು ಸಣ್ಣ ಅಂಗಡಿಯಲ್ಲಿ ಎಳನೀರು ಕುಡಿದೆವು. ಜನಸಂದಣಿ ನಮಗೆ ಕಿರಿಕಿರಿಯಾದರೂ, ಆ ಅಂಗಡಿಯವರಿಗೆ ಅದೇ ಅನ್ನ ಎಂಬುದನ್ನು ಮರೆಯಬಾರದು.

ಇಲ್ಲಿಯವರೆಗೆ ಎಲ್ಲವೂ ಸುಗಮವಾಗಿತ್ತು. ಬಳಿಕ ನಾನು ತಪ್ಪು ಮಾಡಿದೆ.

ಮರಳುವಾಗ ಗಂಗೊಳ್ಳಿಯಲ್ಲಿ ಐದು ನದಿಗಳು ಕಡಲು ಸೇರುವ ಅಳಿವೆಯನ್ನು ತೋರಿಸಬೇಕೆಂಬ ಹಂಬಲ ನನಗೆ. ಬೆಳಗಿನ ಪಾಠಕ್ಕೆ ಒಂದು ಮುಕ್ತಾಯ ಬೇಕಲ್ಲ! ಮೀನುಗಾರಿಕಾ ಬಂದರಿನಲ್ಲಿ ಗದ್ದಲವಿರಬಹುದೆಂದು ಚಾಲಕ ಎಚ್ಚರಿಸಿದ. “ಐದೇ ನಿಮಿಷ,” ಎಂದೆ. ಆಗತಾನೇ ದೋಣಿಗಳು ಬಂದಿದ್ದವು. ಮೀನಿನ ಏಲಂ ಕೂಗು, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಲಾರಿಯ ಹಾರ್ನ್. ಬಾಗಿಲು ತೆರೆದ ಕ್ಷಣವೇ ಹುಡುಗ ಕಿವಿ ಮುಚ್ಚಿಕೊಂಡು ಕಿರುಚಿದ. ಹಣೆಯನ್ನು ಎದುರಿನ ಆಸನಕ್ಕೆ ಬಡಿದುಕೊಳ್ಳತೊಡಗಿದ. ಬೆಳಗಿನಿಂದ ಕಟ್ಟಿದ ನೆಮ್ಮದಿಯು ಒಂದು ನಿಮಿಷದಲ್ಲಿ ಕುಸಿಯಿತು. ಒಂಬತ್ತು ಮಂದಿಯ ನಡುವೆಯೂ ನಾನು ಆ ಹಳೆಯ ಸಂಘಟಕನಾಗಿಯೇ ಉಳಿದಿದ್ದೆ. ನನ್ನ ಪಟ್ಟಿ ಪೂರ್ಣವಾಗಬೇಕಿತ್ತು. ಮಗುವನ್ನು ನಾನು ನೋಡಿರಲಿಲ್ಲ.

ಚಾಲಕ ಮಾತಿಲ್ಲದೆ ವಾಹನವನ್ನು ತಿರುಗಿಸಿದ. ಹೆದ್ದಾರಿಗೆ ಬಂದು, ಅರಾಟೆಯ ಸೇತುವೆ ದಾಟಿ, ಒಂದು ಮರದ ನೆರಳಿನಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದ. ತಂದೆ ಮಗನ ಎರಡೂ ಭುಜಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕುಳಿತರು. ಉಳಿದ ನಾವು ಕೆಳಗಿಳಿದು, ಮಾತನಾಡದೆ ನಿಂತೆವು. ಯಾರೂ ಉಪದೇಶಿಸಲಿಲ್ಲ, ದಿಟ್ಟಿಸಲಿಲ್ಲ, ಗಡಿಯಾರ ನೋಡಲಿಲ್ಲ. ಅರ್ಧ ಗಂಟೆಯ ಬಳಿಕ ಕಿರುಚಾಟ ನಿಂತಿತು. ನಾನು ತಂದೆಯ ಬಳಿ ಕ್ಷಮೆ ಕೇಳಿದೆ. ಅವರು, “ಪರವಾಗಿಲ್ಲ ಫಾದರ್. ಈ ಸಲ ಯಾರೂ ನಮ್ಮನ್ನು ಬಿಟ್ಟು ಮುಂದೆ ಹೋಗಲಿಲ್ಲವಲ್ಲ,” ಎಂದರು.

ಶುಭಸಂದೇಶದಲ್ಲಿ ನಮಗೆಲ್ಲ ಪರಿಚಿತವಾದ ಒಂದು ಪ್ರಸಂಗವಿದೆ. ಊಟಕ್ಕೂ ಬಿಡುವಿಲ್ಲದಷ್ಟು ಜನಜಂಗುಳಿಯಿಂದ ಬಳಲಿದ ಶಿಷ್ಯರನ್ನು ಯೇಸುಸ್ವಾಮಿ ದೋಣಿಯಲ್ಲಿ ಏಕಾಂತ ಸ್ಥಳಕ್ಕೆ ಕರೆದೊಯ್ಯುತ್ತಾರೆ. ಆದರೆ ಜನರು ಕಾಲ್ನಡಿಗೆಯಲ್ಲಿ ಓಡಿ, ಅವರಿಗಿಂತ ಮೊದಲೇ ಅಲ್ಲಿ ನೆರೆದಿರುತ್ತಾರೆ. ಯೇಸು ಬೇಸರಗೊಳ್ಳದೆ, ಅವರನ್ನು ಕಂಡು ಮರುಗುತ್ತಾರೆ. ಏಕಾಂತವನ್ನು ಬಯಸುವುದು ತಪ್ಪಲ್ಲ, ಜನರನ್ನು ತುಚ್ಛವಾಗಿ ಕಾಣುವುದು ತಪ್ಪು ಎಂದು ಗುರುಮಠದ ದಿನಗಳಿಂದಲೂ ಈ ಪ್ರಸಂಗವನ್ನು ಧ್ಯಾನಿಸುತ್ತ ಬಂದಿದ್ದೇನೆ. ಅರಾಟೆಯ ನೆರಳಿನಲ್ಲಿ ಅದರ ಜೊತೆಗೆ ಇನ್ನೊಂದು ಮಾತು ತಿಳಿಯಿತು. ಎದುರಿಗಿರುವ ಒಬ್ಬನನ್ನು ನೋಡದಿದ್ದರೆ ಒಂಬತ್ತು ಮಂದಿಯೂ ಗುಂಪೇ.

ಪ್ರಿಯ ಓದುಗರೇ, ದೊಡ್ಡ ಪ್ರವಾಸಗಳನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹಾಡು, ಆಟ, ನಗು ಇವೂ ಧರ್ಮಕೇಂದ್ರಕ್ಕೆ ಬೇಕು. ಆದರೆ ಆ ಬಸ್ಸನ್ನು ಹತ್ತಲಾಗದವರು ನಿಮ್ಮ ವಾಳೆಯಲ್ಲಿಯೂ ಇದ್ದಾರು. ವರ್ಷಕ್ಕೊಮ್ಮೆ, ಒಂದು ಸಾಮಾನ್ಯ ವಾರದ ದಿನ, ಒಂದು ಸಣ್ಣ ವಾಹನದಲ್ಲಿ ಅವರನ್ನು ಕಡಲಿಗೆ ಕರೆದೊಯ್ಯಿರಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ಅವರೇ ನಿರ್ಧರಿಸಲಿ.

ಮುಂದಿನ ಭಾನುವಾರ ಬೆಳಗಿನ ಮೊದಲ ಬಲಿಪೂಜೆಗೆ ಆ ಕುಟುಂಬ ಬಂದಿತ್ತು. ಬಾಗಿಲಿನ ಬಳಿಯ ಕೊನೆಯ ಬೆಂಚಿನಲ್ಲಿ ಕುಳಿತಿತ್ತು. ಧ್ವನಿವರ್ಧಕವನ್ನು ತಗ್ಗಿಸಲು ನಾನು ಮೊದಲೇ ಹೇಳಿದ್ದೆ. ಪ್ರಬೋಧನೆಯ ನಡುವೆ ಹುಡುಗ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಬಳಿಕ ತಾನಾಗಿಯೇ ಒಳಗೆ ಬಂದ. ಯಾರೂ ತಿರುಗಿ ನೋಡಲಿಲ್ಲ. ಆ ವರ್ಷದ ವರದಿಯಲ್ಲಿ ಈ ಪ್ರವಾಸದ ಬಗ್ಗೆ ಬರೆಯುವಾಗ ನಾನು ಸಂಖ್ಯೆಯನ್ನು ನಮೂದಿಸಲಿಲ್ಲ.