ಸ್ವಲ್ಪ ಅಡ್ಜಸ್ಟ್ ಮಾಡಿ

ಬೆಂಗಳೂರಿನಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡಿ' ಎನ್ನುವ ಮಾತು ಕಿವಿಗೆ ಬೀಳದೆ ಒಂದು ದಿನವೂ ಕಳೆಯುವುದಿಲ್ಲ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದಾಗ, ನಲ್ಲಿಯಲ್ಲಿ ನೀರು ನಿಂತಾಗ, ಹೇಳದೆ ಕೇಳದೆ ನೆಂಟರು ಬಂದಿಳಿದಾಗ, ಎಲ್ಲಕ್ಕೂ ಇದೇ ಮಂತ್ರ. ಹೆಂಗಸರು ಇದನ್ನು ಎಷ್ಟು ಸಲ ಕೇಳಿಸಿಕೊಳ್ಳುತ್ತಾರೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1999ರಲ್ಲಿ ನಾವು ಮರ್ಫಿ ಟೌನಿನಲ್ಲಿ ಬಾಡಿಗೆಗಿದ್ದೆವು. ಗೋಡೆಗೆ ಗೋಡೆ ತಾಗಿಕೊಂಡ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಮೂರು ಮನೆಯವರು ಸೀನಬೇಕು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಕೇಳುತ್ತಿದ್ದವು. ಅಲ್ಲಿಂದ ನಾನು ಹಲಸೂರಿನ ಒಂದು ಡಿಟಿಪಿ ಅಂಗಡಿಗೆ ನಡೆದು ಹೋಗಿ ಕನ್ನಡ ಟೈಪ್ ಮಾಡುತ್ತಿದ್ದೆ. ಮದುವೆ ಕಾಗದ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು. ಸಂಬಳ ದೊಡ್ಡದೇನಲ್ಲ. ಆದರೆ ಮಗಳ ಸ್ಕೂಲ್ ಫೀಸು ಅದರಲ್ಲೇ ಹೋಗುತ್ತಿತ್ತು. ಮಿಕ್ಕ ನಾಲ್ಕು ಕಾಸಿಗೆ ನಾನು ಯಾರಿಗೂ ಲೆಕ್ಕ ಕೊಡಬೇಕಿರಲಿಲ್ಲ.

ಸೇರಿದ ಎರಡೇ ತಿಂಗಳಿಗೆ ತಲೆನೋವು ಶುರುವಾಯಿತು. ಮಧ್ಯಾಹ್ನ ಮೂರಾಗುವಷ್ಟರಲ್ಲಿ ಕಣ್ಣು ಉರಿದು ನೀರಾಡುತ್ತಿತ್ತು. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕನ್ನಡಕ ಬೇಕಿಲ್ಲ ಎಂದರು. ಅಂಗಡಿಯ ಯಜಮಾನರಿಗೆ ಹೇಳಿದರೆ, "ಹೊಸದರಲ್ಲಿ ಹಾಗೇ ಕಣಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಮಾಡಿಕೊಂಡೆ. ಒಂದು ದಿನ ಮದುವೆ ಕಾಗದವೊಂದರಲ್ಲಿ 'ವಧು' ಹೋಗಿ 'ವದು' ಆಗಿತ್ತು. ನಮ್ಮ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು. ಆ ಪರದೆಯ ಮೇಲೆ ಅದು ಸೊಳ್ಳೆಯ ಕಾಲಿನಷ್ಟೂ ಕಾಣುತ್ತಿರಲಿಲ್ಲ. 300 ಕಾರ್ಡು ಮತ್ತೆ ಅಚ್ಚಾದವು. ಖರ್ಚು ನನ್ನ ಸಂಬಳದಲ್ಲಿ ಮುರಿದುಕೊಂಡರು.

ಅಂದು ರಾತ್ರಿ ಅತ್ತೆ, "ಕಣ್ಣು ಕಳ್ಕೊಂಡು ದುಡಿಯೋದು ಯಾವ ಭಾಗ್ಯಕ್ಕೆ? ಬಿಟ್ಟುಬಿಡು" ಎಂದರು. ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ತಿಂಗಳ ಕೊನೆಗೆ ಬಿಡುವುದೆಂದು ನಾನೂ ಗಟ್ಟಿ ಮಾಡಿಕೊಂಡೆ.

ಆ ವಾರವೇ ನಮ್ಮ ಎದುರು ಮನೆಯ ಹುಡುಗ ಅಂಗಡಿಯ ಪ್ರಿಂಟರ್ ನೋಡಲು ಬಂದ. ಹಾರ್ಡ್‌ವೇರ್ ಕಲಿಯುತ್ತಿದ್ದ. ಪ್ರಿಂಟರ್ ಬಿಚ್ಚಿದವನು ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿ, "ಆಂಟಿ, ನಿಮ್ಮ ಸ್ಕ್ರೀನು ಅದುರ್ತಾ ಇದೆ" ಎಂದ. ನೇರ ನೋಡಿದರೆ ತಿಳಿಯದು, ಪಕ್ಕದ ಗೋಡೆ ನೋಡುತ್ತಾ ಕಡೆಗಣ್ಣಿಗೆ ಬೀಳಲಿ ಎಂದ. ಹಾಗೆ ಮಾಡಿದೆ. ಇಡೀ ಪರದೆ ಗಾಳಿಗೆ ಸಿಕ್ಕ ದೀಪದಂತೆ ನಡುಗುತ್ತಿತ್ತು.

ಆಗಿನ ಡಬ್ಬದಂಥ ಮಾನಿಟರ್ ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ಒಳಗಿನಿಂದ ಹೊರಟ ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಚಿತ್ರ ಬರೆಯುತ್ತದೆ. ಬರೆದದ್ದು ಕೂಡಲೇ ಮಾಸುತ್ತದೆ, ಮತ್ತೆ ಬರೆಯಬೇಕು. ಅಳಿಸಿ ಅಳಿಸಿ ಇಟ್ಟ ರಂಗೋಲಿಯನ್ನೇ ಇಟ್ಟಂತೆ. ನನ್ನದು ಸೆಕೆಂಡಿಗೆ 60 ಸಲ ಬರೆಯುತ್ತಿತ್ತು. ಅಷ್ಟು ಸಾಲದು ಎಂದು ಹುಡುಗ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದ. 15 ಅಂಗುಲದ ಆ ಪರದೆಯಲ್ಲಿ 1024ಕ್ಕೆ 768 ಇದ್ದ ಚುಕ್ಕಿಗಳನ್ನು 800ಕ್ಕೆ 600 ಮಾಡಿದ. ಅಕ್ಷರ ದಪ್ಪವಾಯಿತು. 60ನ್ನು 85 ಮಾಡಿದ. ಪರದೆ ಒಮ್ಮೆ ಕಪ್ಪಾಗಿ ನನ್ನ ಎದೆ ಧಸಕ್ಕೆಂದಿತು. ಮರಳಿ ಬಂದಾಗ ಅಚ್ಚಾದ ಹಾಳೆಯಂತೆ ನಿಶ್ಚಲವಾಗಿತ್ತು. ಆಮೇಲೆ ಕೆಳಗಿನ ಗುಂಡಿ ತಿರುಗಿಸಿ ಬೆಳಕು ತಗ್ಗಿಸಿದ. ಸಿಪಿಯು ಮೇಲೆ ಕೂತಿದ್ದ ಮಾನಿಟರನ್ನು ಕೆಳಗಿಳಿಸಿದ. ಬೆನ್ನ ಹಿಂದಿನ ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿದ. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.

ವಾರದೊಳಗೆ ತಲೆನೋವು ಹೋಯಿತು. ಧಕಾರದ ಸೀಳು ಕಂಡಿತು. ಕೆಲಸ ಬಿಡಲಿಲ್ಲ, ಮುಂದೆ ಹದಿನಾಲ್ಕು ವರ್ಷ ಮಾಡಿದೆ. ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಅಷ್ಟು ತಿಂಗಳು ನನ್ನ ಕಣ್ಣನ್ನೇ ಬೈದುಕೊಂಡೆನೇ ಹೊರತು, ಆ ಯಂತ್ರವನ್ನು ಬದಲಿಸಬಹುದೇ ಎಂದು ಒಂದು ದಿನವೂ ಯಾರನ್ನೂ ಕೇಳಲಿಲ್ಲವಲ್ಲ!

ಈಗಿನ ತೆಳು ಪರದೆಗಳು ಹಾಗೆ ಅದುರುವುದಿಲ್ಲ, 60 ಇದ್ದರೂ ತೊಂದರೆಯಿಲ್ಲ. ಆದರೂ ಅಕ್ಷರ ಚಿಕ್ಕದು, ಬೆಳಕು ಹೆಚ್ಚು ಎಂದು ಒದ್ದಾಡುವ ಗೆಳತಿಯರನ್ನು ನೋಡುತ್ತೇನೆ. ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರವನ್ನು 125, 150 ಮಾಡಿಕೊಳ್ಳಿ. ಕೋಣೆಯ ಬೆಳಕಿಗೆ ಪರದೆಯ ಬೆಳಕನ್ನು ಹೊಂದಿಸಿ. ಪರದೆ ತೋಳಳತೆಯಲ್ಲಿರಲಿ, ಅದರ ಮೇಲಂಚು ಕಣ್ಣಿನ ಮಟ್ಟ ಮೀರದಿರಲಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ನೋಡಿ.

ಕಳೆದ ದೀಪಾವಳಿಗೆ ಮಗಳು ಅಜ್ಜಿಗೊಂದು ಟ್ಯಾಬ್ ತಂದಳು. ಅತ್ತೆ ಅದನ್ನು ಮೂಗಿಗೆ ಹಿಡಿದು, "ನಂಗೆ ವಯಸ್ಸಾಯ್ತು, ಕಾಣಲ್ಲ" ಎಂದು ಪಕ್ಕಕ್ಕಿಟ್ಟರು. ನಾನು ಅಕ್ಷರ ದೊಡ್ಡದು ಮಾಡಿ ಕೈಗಿತ್ತೆ. ಒಂದು ಪುಟ ಪೂರ್ತಿ ಓದಿ ಮುಗಿಸಿ, "ಇದನ್ನ ಮೊದಲೇ ಮಾಡಿಕೊಡೋಕೆ ಏನಾಗಿತ್ತು ನಿಂಗೆ?" ಎಂದು ಗದರಿದರು. ಆ ಬೈಗುಳ ನನಗೆ ಹಬ್ಬದ ಹೋಳಿಗೆಯಷ್ಟೇ ಸಿಹಿಯಾಯಿತು.