ಮಾವ ಟಿವಿ ಕೊಂಡದ್ದು

2013ರ ಮಾರ್ಚಿನಲ್ಲಿ ಡೊಂಬಿವಲಿಯ ಯಾವ ಮನೆಗೆ ಹೋದರೂ ಮೊದಲ ಪ್ರಶ್ನೆ ‘ಡಬ್ಬಾ ಬಂತಾ?’ ಎಂಬುದೇ. ಡಬ್ಬಾ ಅಂದರೆ ಸೆಟ್‌ಟಾಪ್ ಬಾಕ್ಸು. ಮುಂಬೈಯಲ್ಲಿ ಹಳೆಯ ಕೇಬಲ್ಲಿಗೆ ಹಿಂದಿನ ವರ್ಷದ ಅಕ್ಟೋಬರ್ 31 ಕೊನೆ. ಮುಲುಂಡಿನವರೆಗೆ ಆ ಲೆಕ್ಕ. ಮುಂದಿನ ಸ್ಟೇಷನ್ ಠಾಣೆ. ಅಲ್ಲಿಂದಾಚೆ ನಾವೆಲ್ಲ ಡಿಜಿಟಲ್ ಕೇಬಲ್ಲಿನ ಎರಡನೇ ಕಂತು. ಆ ಕಂತಿನ 38 ಊರುಗಳಲ್ಲಿ ಠಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬೈ ಇದ್ದವು, ಬೆಂಗಳೂರು ಮೈಸೂರೂ ಇದ್ದವು. ಮಾರ್ಚ್ 31ರ ಗಡುವು.

ಡಬ್ಬಾಕ್ಕೆ ದುಡ್ಡು ಹಾಕುವುದೇ ಆದರೆ ಟಿವಿಯೂ ಹೊಸದಿರಲಿ ಎಂದರು ನನ್ನ ಮಾವ. ಊರು ಕುಂದಾಪುರದ ಕಡೆ. ಹೋಟೆಲಿನ ಗಲ್ಲೆಯಲ್ಲಿ ಕೂತು ಕೂದಲು ಬೆಳ್ಳಗಾದವರು. ವಾಶಿಯಲ್ಲಿದ್ದ ಭಾವ ಫೋನಿನಲ್ಲೇ ಆಜ್ಞೆ ಹೊರಡಿಸಿದ: ‘ನಲವತ್ತು ಇಂಚು, ಫುಲ್ ಎಚ್‌ಡಿ, ತ್ರೀಡಿ. ಕಡಿಮೆ ತಗೊಂಡ್ರೆ ವೇಸ್ಟು.’ ಮಾವ ಉತ್ತರಿಸಲಿಲ್ಲ, ಟೇಪು ಹುಡುಕಿದರು. ಸೋಫಾದಿಂದ ಗೋಡೆಗೆ ಏಳಡಿ. ಗೋಡೆಯಲ್ಲಿ ದೇವರ ಗೂಡು, ಕಪಾಟು ಬಿಟ್ಟರೆ ಉಳಿದದ್ದು ಮೂವತ್ತೆರಡು ಇಂಚಿನ ಟಿವಿಗೆ ಸಾಕಾಗುವಷ್ಟು ಜಾಗ.

ಆ ಟೇಪು ಭಾವನಿಗಿಂತ ಬುದ್ಧಿವಂತ ಅಂತ ನನಗೆ ಆಮೇಲೆ ತಿಳಿಯಿತು. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ‘ಎಚ್‌ಡಿ ರೆಡಿ’ ಎಂದು ಮಾರುತ್ತಿದ್ದ ಹೆಚ್ಚಿನವುಗಳಲ್ಲಿ 1366 ಮತ್ತು 768. ಮೂವತ್ತೆರಡು ಇಂಚಿನ ಪರದೆಯಿಂದ ಆರಡಿ ದಾಟಿ ಕೂತರೆ ಸಾಮಾನ್ಯ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ಸಿಗುವುದು ಕಷ್ಟ. ಒಂದು ರೂಮು ಕಿಚನ್ನಿನ ಮನೆಯಲ್ಲಿ ಟಿವಿ ಆರಿಸುವುದು ಗೋಡೆಯೇ ಹೊರತು ನಾವಲ್ಲ.

ಭಾನುವಾರ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಅಂಗಡಿ ಹೊಕ್ಕೆವು. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಅದೇ ಪಂಚರಂಗಿ ಗಿಳಿ, ಅದೇ ಜಲಪಾತ. ಹುಡುಗ ಮರಾಠಿಯಲ್ಲಿ ಕಾಂಟ್ರಾಸ್ಟು, ತ್ರೀಡಿ ಕನ್ನಡಕ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಮಾವ ಕೇಳಿಸಿಕೊಂಡು, ‘ಗಿಳಿ ನಮ್ಮನೇಲಿ ಬರೋದಿಲ್ಲಪ್ಪ’ ಎಂದು ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಅದರಲ್ಲೊಂದು ಹಳೆಯ ರಾಜ್‌ಕುಮಾರ್ ಸಿನಿಮಾ. ಹುಡುಗ ಹಾಕಿದ.

ಅಣ್ಣಾವ್ರು ದಪ್ಪಗಾಗಿದ್ದರು! ನಾಲ್ಕಕ್ಕೆ ಮೂರರ ಚಿತ್ರವನ್ನು ಟಿವಿ ತಾನಾಗಿ ಹದಿನಾರಕ್ಕೆ ಒಂಬತ್ತರ ಪರದೆ ತುಂಬ ಎಳೆದು ಮೂರರಲ್ಲೊಂದು ಪಾಲು ಅಗಲ ಮಾಡಿತ್ತು. ಮಾವನ ಮುಖ ನೋಡಬೇಕಿತ್ತು. ‘ಇವರನ್ನ ಮೊದಲಿನ ಹಾಗೆ ಮಾಡು, ಆಮೇಲೆ ರೇಟು ಹೇಳು.’ ಹುಡುಗ ರಿಮೋಟಿನಲ್ಲಿ ಒದ್ದಾಡಿ ಎರಡು ಪಕ್ಕ ಕಪ್ಪು ಪಟ್ಟಿ ತಂದ, ಅಣ್ಣಾವ್ರು ಸರಿಯಾದರು. ದೊಡ್ಡ ಪರದೆಯಲ್ಲಿ ಅದೇ ಸಿನಿಮಾ ಮಸುಕು ಮಸುಕು. ಮೂವತ್ತೆರಡರಲ್ಲಿ ನೋಡುವ ಹಾಗಿತ್ತು. ವ್ಯಾಪಾರ ಅಲ್ಲಿಗೆ ಮುಗಿಯಿತು. ತ್ರೀಡಿ ಬೇಡ. ಎಚ್‌ಡಿಎಂಐ ತೂತು ಎರಡಿದೆಯೇ ಅಂತ ಮಾತ್ರ ನಾನು ನೋಡಿದೆ: ಹಳದಿ-ಕೆಂಪು-ಬಿಳಿ ವೈರಿನಲ್ಲಿ ಎಚ್‌ಡಿ ಹರಿಯುವುದಿಲ್ಲ.

ಡೆಲಿವರಿಗೆ ಮೂರು ದಿನ ಎಂದರು. ಮಾವ ಕಾಯುವವರೇ? ಸ್ಟೇಷನ್ನಿಗೆ ಬಂದರೆ ಮೆಗಾಬ್ಲಾಕು, ಹಳಿ ರಿಪೇರಿಗೆಂದು ರೈಲು ಕಡಿಮೆ. ಕೊನೆಗೆ ಸಿಕ್ಕಿದ ಸ್ಲೋ ಲೋಕಲ್ಲಿನ ಲಗೇಜ್ ಡಬ್ಬಿ ಹತ್ತಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡೆವು. ಮಲಗಿಸಿದರೆ ಪ್ಯಾನೆಲ್ ಒಡೆಯುವ ಭಯ. ಕಳವಾ ಸ್ಟೇಷನ್ನಿನಲ್ಲಿ ಮೀನಿನ ಬುಟ್ಟಿ, ಮುಂಬ್ರಾದಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳು, ದಿವಾದಲ್ಲಿ ಜನವೇ ಜನ. ಒಬ್ಬಾಕೆ ಮೀನಿನ ಬುಟ್ಟಿ ಇಳಿಸುತ್ತ ಪೆಟ್ಟಿಗೆಯ ಚಿತ್ರ ನೋಡಿ, ‘ಕಿತೀಲಾ ಪಡ್ಲಾ?’ ಎಂದು ಕೇಳಿದಳು. ಮಾವ ಬೆಲೆಯನ್ನು ಎರಡು ಸಾವಿರ ಇಳಿಸಿಯೇ ಹೇಳಿದರು.

ಟಿವಿ ಎಚ್‌ಡಿಯದಾದರೂ ಆಗ ಈಟಿವಿ ಕನ್ನಡ ಎಚ್‌ಡಿಯಲ್ಲಿ ಬರುತ್ತಿರಲಿಲ್ಲ. 2015ರಲ್ಲಿ ಅದು ಕಲರ್ಸ್ ಕನ್ನಡವಾಯಿತು, ಮರುವರ್ಷ ಎಚ್‌ಡಿಯೂ ಬಂತು. ಧಾರಾವಾಹಿಯ ಅತ್ತೆಯರ ಪೌಡರಿನ ಗೆರೆ ಎಣಿಸಬಹುದಿತ್ತು. 2019ರಲ್ಲಿ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರ ಜಾರಿಯಾಗಿ, 130 ರೂಪಾಯಿಗೆ ನೂರು ಚಾನೆಲ್, ಒಂದು ಎಚ್‌ಡಿ ಅಂದರೆ ಎರಡರ ಲೆಕ್ಕ ಎಂದು ಕೇಬಲ್‌ವಾಲಾ ಚೀಟಿ ತಂದ. ಮಾವ ಕನ್ನಡಕ ಏರಿಸಿ ಪೂರ್ತಿ ಓದಿ, ಎಚ್‌ಡಿಯ ಮೇಲೆ ಗೀಟು ಎಳೆದರು: ‘ಒಬ್ಬಳೇ ಅತ್ತೆಗೆ ಎರಡು ಸೀಟು ಯಾಕೆ?’